ಮೂಗಿನ ಮೂಲಕ ಸತತವಾಗಿ ತುಸು ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಾಧನವಾದ ಶಿಶುಗಳ ಬಬಲ್ ಸಿಪ್ಯಾಪ್‌ನಲ್ಲಿ ಕೊಳವೆಯನ್ನು ನೀರಿನಲ್ಲಿ ಮುಳುಗಿಸಿಡುವುದು ಏಕೆ?

ಆ ನೀರೇ ಅಲ್ಲಿ ಒತ್ತಡ ನಿಯಂತ್ರಕ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ (ಗಾಳಿಗೂಡುಗಳು ಕುಸಿಯದಂತೆ ತಡೆಯುವ ದ್ರವ್ಯ) ಸಾಲದೆ, ಉಸಿರು ಬಿಟ್ಟಾಗ ಗಾಳಿಗೂಡುಗಳು ಕುಸಿಯುತ್ತವೆ. ಗೂಡು ಕಿರಿದಾದಷ್ಟೂ ಮತ್ತೆ ತೆರೆಯಲು ಹೆಚ್ಚು ಒತ್ತಡ ಬೇಕು. ಹಾಗಾಗಿ ಕುಸಿಯಲು ಬಿಡಲೇಬಾರದು. ಗಾಳಿ ಹೊರಹೋಗುವ ಕೊಳವೆಯ ತುದಿ ನೀರಿನಲ್ಲಿ 5 ಸೆಂಟಿಮೀಟರ್ ಆಳದಲ್ಲಿದ್ದರೆ, ಅಷ್ಟು ನೀರನ್ನು ತಳ್ಳದೆ ಗಾಳಿ ಗುಳ್ಳೆಯಾಗಿ ಹೊರಬೀಳಲಾರದು. ಒಳಗೆ ಅಷ್ಟೇ ಹೆಚ್ಚುವರಿ ಒತ್ತಡ ಉಳಿಯುತ್ತದೆ, ವಾತಾವರಣದ ಒತ್ತಡದ ಸುಮಾರು ಇನ್ನೂರರಲ್ಲೊಂದು ಪಾಲು ಮಾತ್ರ! ಬಾಟಲಿಯ ಅಗಲ ಲೆಕ್ಕಕ್ಕಿಲ್ಲ, ಆಳವೊಂದೇ ಮುಖ್ಯ.

ಗುಳ್ಳೆ ನಿಂತರೆ ಮೊದಲು ನೋಡಬೇಕಾದದ್ದು ಮೂಗಿನ ಬಳಿಯ ಸೋರಿಕೆ, ಮಗು ಬಾಯಿ ತೆರೆದಿದೆಯೇ ಎಂಬುದು. ತೇವಗೊಳಿಸಿದ ಗಾಳಿಯ ಹನಿಗಳು ಸೇರಿ ಬಾಟಲಿಯ ನೀರು ಏರಿದರೆ ಒತ್ತಡವೂ ಏರುತ್ತದೆ. ಆದ್ದರಿಂದ ಮಟ್ಟವನ್ನು ಆಗಾಗ ಸರಿಪಡಿಸುತ್ತಿರಬೇಕು.