ವಾಹನ ಪ್ರಶ್ನೋತ್ತರ: ಗಾಳಿ ಸಾಲದೇ, ನೀರು ಯಾಕೆ?

ಪ್ರಶ್ನೆ: ನನ್ನ ಹಳೇ ಬುಲೆಟ್‌ಗೆ ರೇಡಿಯೇಟರ್ ಇಲ್ಲ. ಜರ್ಮನಿಯ ಬೀಟಲ್ ಕಾರಿಗೂ ಇರಲಿಲ್ಲವಂತೆ. ನನ್ನ ಕಾರಿಗೆ ಮಾತ್ರ ಕೂಲಂಟ್, ವಾಟರ್ ಪಂಪ್, ಹೋಸ್ ಅಂತ ಇಷ್ಟೆಲ್ಲ ರಗಳೆ ಯಾಕೆ ಸಾರ್?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಪಕ್ಷದಲ್ಲಿ ದೊಡ್ಡವರೇ ಇದ್ದರು. ರೇಡಿಯೇಟರಿನ ನೀರನ್ನು ತಣಿಸುವುದೂ ಕೊನೆಗೆ ಗಾಳಿಯೇ ತಾನೇ, ನಡುವೆ ನೀರೆಂಬ ದಲ್ಲಾಳಿ ಯಾಕೆ? ಹೊಂಡಾ ಕಂಪನಿ ಕಟ್ಟಿದ ಸೊಯಿಚಿರೊ ಹೊಂಡಾ ಅವರ ವಾದವೂ ಹೆಚ್ಚುಕಡಿಮೆ ಇದೇ. ಎಂಜಿನಿಯರುಗಳು ಬೇಡವೆಂದರೂ ಬಿಡದೆ 1969ರಲ್ಲಿ ಹೊಂಡಾ 1300 ಕಾರು ತಂದರು. ಅದರ ಎಂಜಿನ್ನಿಗೆ ಜೋಡಿ ಗೋಡೆ ಎರಕ ಹೊಯ್ದು, ಸಂದಿನಲ್ಲಿ ಫ್ಯಾನಿನ ಗಾಳಿ ನುಗ್ಗಿಸಬೇಕಾಯಿತು. ಎಂಜಿನ್ ಭಾರವಾಯಿತು, ಖರ್ಚೂ ಏರಿತು. 1972ರಲ್ಲಿ ಅವರದೇ ಸಿವಿಕ್ ಬಂದಾಗ ಒಳಗಿದ್ದದ್ದು ನೀರಿನ ಎಂಜಿನ್!

ಗಾಳಿಗೆ ತಣಿಸಲು ಬರುವುದಿಲ್ಲ ಅಂತಲ್ಲ, ಎಲ್ಲ ಕಡೆ ಒಂದೇ ಸಮ ತಣಿಸಲು ಬರುವುದಿಲ್ಲ. ಬೀಟಲ್ಲನ್ನೇ ನೋಡಿ. ಹಳೆಯ ಮಾಡೆಲ್‌ಗಳಲ್ಲಿ ಫ್ಯಾನಿನ ಕವಚದೊಳಗೇ ಆಯಿಲ್ ಕೂಲರ್ ನಿಂತಿರುತ್ತಿತ್ತು. ಅದರ ಮರೆಯಲ್ಲಿದ್ದ ಮೂರನೇ ಸಿಲಿಂಡರಿಗೆ ಗಾಳಿ ಕಮ್ಮಿ, ಸಿಕ್ಕಿದ್ದೂ ಬಿಸಿ. ನಾನು ಬಿಚ್ಚಿದ ಒಂದು ಬೀಟಲ್‌ನಲ್ಲಿ ಸುಟ್ಟ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳಲ್ಲಿ ಮೂರು ಚೆನ್ನಾಗಿದ್ದವು, ಮೂರನೇ ಸಿಲಿಂಡರಿನದು ಮಾತ್ರ ಅಂಚು ಸುಟ್ಟು ಕಚ್ಚಿ ತಿಂದ ಹಾಗಿತ್ತು. ಇನ್ನೊಂದು: ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೂ ಫ್ಯಾನಿಗೂ ಒಂದೇ ಬೆಲ್ಟ್, ಅದು ಹರಿದರೆ ಎರಡೂ ನಿಂತವು. ಚಾರ್ಜಿಂಗ್ ಕೆಂಪು ದೀಪ ಹೊತ್ತಿತೆಂದರೆ ಗಾಡಿ ಬದಿಗೆ ಹಾಕಿ ಬೆಲ್ಟ್ ನೋಡಲೇಬೇಕು.

ನೀರು ಅಷ್ಟೇ ಜಾಗದಲ್ಲಿ ಗಾಳಿಗಿಂತ ಸಾವಿರಾರು ಪಟ್ಟು ಶಾಖ ಹೊರುತ್ತದೆ, ಎರಡು ವಾಲ್ವ್‌ಗಳ ನಡುವಿನ ಸಂದಿಗೂ ಹೋಗುತ್ತದೆ. ಜೊತೆಗೆ ಶಾಖ ನೋಡಿ ರೇಡಿಯೇಟರಿಗೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಬೇರೆ. ಮಡಿಕೇರಿಯ ಚಳಿಯಿರಲಿ, ರಾಯಚೂರಿನ ಬಿಸಿಲಿರಲಿ, ಎಂಜಿನ್ ಸುಮಾರು 90 ಡಿಗ್ರಿಯಲ್ಲೇ ನಿಲ್ಲುತ್ತದೆ. ಶಾಖ ಹೀಗೆ ಸ್ಥಿರವಾಗಿದ್ದರೆ ಪಿಸ್ಟನ್ನಿನ ಸಂದು ಬಿಗಿ ಇಡಬಹುದು, ಹೊಗೆಯ ನಿಯಮವನ್ನೂ ಪಾಲಿಸಬಹುದು. ಪೋರ್ಷೆ 911ರಂಥ ಹಠಮಾರಿಯೂ 1990ರ ದಶಕದ ಕೊನೆಗೆ ನೀರಿಗೆ ಬಂತು. ಸಿಲಿಂಡರಿಗೆ ನಾಲ್ಕು ವಾಲ್ವ್ ಕೂರಿಸಿದ ಮೇಲೆ ಬೇರೆ ದಾರಿ ಇರಲಿಲ್ಲ.

ನಿಮ್ಮ ಬುಲೆಟ್ಟಿನ ಎಂಜಿನ್ ಬಯಲಲ್ಲಿದೆ, ಓಡುವಾಗ ಗಾಳಿ ಪುಕ್ಕಟೆ. ಕಾರಿನದು ಬಾನೆಟ್ಟಿನೊಳಗೆ. ಅಂದಹಾಗೆ, ರಾಯಲ್ ಎನ್‌ಫೀಲ್ಡ್ ಕೂಡ 2023ರ ಹಿಮಾಲಯನ್‌ಗೆ ರೇಡಿಯೇಟರ್ ಕೊಟ್ಟಿದೆ.

ರಗಳೆ ಕಮ್ಮಿಯಾಗಬೇಕಾದರೆ ಬೋರ್‌ವೆಲ್ ನೀರು ಸುರಿಯಬೇಡಿ, ಒಳಗೆ ಗಟ್ಟಿ ಪದರ ಕಟ್ಟುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿಸಿ. ದೇವಿಮನೆ ಘಟ್ಟದಲ್ಲಿ ಎಂಜಿನ್ ಶಾಖ ತೋರಿಸುವ ಮುಳ್ಳು ಮೇಲೇರಿತೋ, ಎಸಿ ಆರಿಸಿ, ಗಾಡಿ ನಿಲ್ಲಿಸಿ ಕಾಯಿರಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ.