ಟಿಬಿ ಮಾತ್ರೆ ಮುಗಿದರೂ ಕೆಮ್ಮು ನಿಲ್ಲದಿದ್ದರೆ, ಕಲ್ಲಿನ ಧೂಳಿನ ಕಡೆ ನೋಡಿ

ಪ್ರಶ್ನೆ: ಜಿಗಣಿಯ ಗ್ರಾನೈಟ್ ಯೂನಿಟ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಕಟಿಂಗ್ ಮಷೀನ್ ನೋಡಿಕೊಳ್ಳುವವರು ನಮ್ಮ ಊರಿನವರು, ಕೈ ಗ್ರೈಂಡರ್ ಹಿಡಿಯುವವರು ರಾಜಸ್ಥಾನ, ಒಡಿಶಾದ ಹುಡುಗರು. ಅವರಲ್ಲೊಬ್ಬನಿಗೆ ಆರು ತಿಂಗಳ ಟಿಬಿ ಮಾತ್ರೆ ಮುಗಿದರೂ ಕೆಮ್ಮು, ಏದುಸಿರು ನಿಂತಿಲ್ಲ. ನಮ್ಮವರಿಗೆ ಏನೂ ಆಗಿಲ್ಲ. ಹೊರಗಿನವರಿಗೆ ಇಲ್ಲಿನ ಹವೆ ಒಗ್ಗುವುದಿಲ್ಲವೇ?

ಉತ್ತರ: ತೊಂದರೆ ಹವೆಯಲ್ಲಿಲ್ಲ, ಕೆಲಸ ಹಂಚಿರುವ ರೀತಿಯಲ್ಲಿದೆ. ದೊಡ್ಡ ಮಷೀನಿನ ಬ್ಲೇಡಿಗೆ ಸದಾ ನೀರು ಬೀಳುತ್ತಿರುತ್ತದೆ, ಧೂಳು ಕೆಸರಾಗಿ ಕೆಳಗಿಳಿಯುತ್ತದೆ. ಸಿಂಕಿಗೆ ಜಾಗ ಕೊರೆಯುವುದು, ಅಂಚು ಉಜ್ಜುವುದು ಹೆಚ್ಚಾಗಿ ಒಣ ಗ್ರೈಂಡರಿನಲ್ಲಿ, ಮುಖದ ಹತ್ತಿರವೇ ನಡೆಯುತ್ತದೆ. ಆ ಹುಡುಗರು ಓವರ್‌ಟೈಮ್ ಮಾಡಿ ಶೆಡ್ಡಿನ ಪಕ್ಕದಲ್ಲೇ ಮಲಗುವವರಾದರೆ ರಾತ್ರಿಯೂ ಅದೇ ಗಾಳಿ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ, ಸುಮಾರು 4 ಮೈಕ್ರಾನಿಗಿಂತ ಸಣ್ಣ ಸಿಲಿಕಾ (ಕಲ್ಲಿನಲ್ಲಿರುವ ಒಂದು ಖನಿಜ) ಕಣಗಳೇ ಶ್ವಾಸಕೋಶದ ತುದಿಯವರೆಗೆ ಇಳಿದು ಗಾಯದ ಗಂಟು ಕಟ್ಟುವುದು. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ 10 ವರ್ಷ ದಾಟಿದ ಮೇಲೆ ಕಾಣಿಸುತ್ತದೆ, ಧೂಳು ತೀರಾ ದಟ್ಟವಾಗಿದ್ದರೆ 5 ವರ್ಷದೊಳಗೇ. ಹಾಗಾಗಿ ನಿಮ್ಮ ಊರಿನವರಿಗೂ ಎಕ್ಸ್-ರೇ ತೆಗೆಸದೆ ‘ಏನೂ ಆಗಿಲ್ಲ’ ಅನ್ನಬೇಡಿ.

ಈಗ ಆ ಹುಡುಗನ ವಿಷಯ. ಕಫದಲ್ಲಿ ಟಿಬಿ ಕ್ರಿಮಿ ಸಿಕ್ಕಿತ್ತೇ, ಇಲ್ಲ ಎಕ್ಸ್-ರೇ ನೋಡಿಯಷ್ಟೇ ಮಾತ್ರೆ ಕೊಟ್ಟರೇ ಎಂದು ಹಳೆಯ ಚೀಟಿಗಳಲ್ಲಿ ನೋಡಿ. ಎರಡೂ ಕಾಯಿಲೆಗಳ ಕಲೆ ಶ್ವಾಸಕೋಶದ ಮೇಲ್ಭಾಗದಲ್ಲೇ ಬೀಳುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಂಭವವೂ ಹೆಚ್ಚು, ಆದ್ದರಿಂದ ಕಫವನ್ನು ಮತ್ತೆ ಸಿಬಿನ್ಯಾಟ್ (ಟಿಬಿ ಕ್ರಿಮಿಯ ಡಿಎನ್ಎ ಹುಡುಕುವ) ಪರೀಕ್ಷೆಗೆ ಕೊಡಬೇಕು. ಜೊತೆಗೆ ಎದೆಯ ಎಕ್ಸ್-ರೇ, ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿ, ಬೇಕಾದರೆ ಸಿಟಿ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೋ ಇಎಸ್‌ಐ (ಕಾರ್ಮಿಕರ ವಿಮೆ) ಆಸ್ಪತ್ರೆಗೋ ಹೋಗುವಾಗ ಒಂದು ಹಾಳೆ ಬರೆದುಕೊಂಡು ಹೋಗಲಿ: ಯಾವ ವರ್ಷ, ಯಾವ ಊರು, ಯಾವ ಕಲ್ಲು, ಒಣ ಕೆಲಸವೋ ನೀರು ಹಾಕಿದ ಕೆಲಸವೋ, ದಿನಕ್ಕೆ ಎಷ್ಟು ಗಂಟೆ. ಈ ಹಾಳೆ ಇಲ್ಲದೆ ವೈದ್ಯರಿಗೆ ಸಿಲಿಕೋಸಿಸ್ ನೆನಪಾಗದೇ ಹೋಗಬಹುದು. ಗಾಯ ಕರಗಿಸುವ ಔಷಧಿಯಿಲ್ಲ. ಅವನನ್ನು ಇವತ್ತೇ ಗ್ರೈಂಡರಿನಿಂದ ಬಿಡಿಸಿ, ಸಂಬಳ ಕಡಿಯದೆ ಧೂಳಿಲ್ಲದ ಕೆಲಸಕ್ಕೆ ಹಾಕಿಸಿ.

ಉಳಿದವರಿಗೆ ನೀರಿನ ಪೈಪ್ ಇರುವ, ಕಂಪ್ರೆಸರ್ ಗಾಳಿಯಿಂದ ಓಡುವ ಗ್ರೈಂಡರ್ ತರಿಸಿ. ಕರೆಂಟಿನ ಮಾಮೂಲಿ ಗ್ರೈಂಡರಿಗೆ ನೀರು ಸುರಿಯುವುದು ಜೀವಕ್ಕೆ ಅಪಾಯ. ನೀರಿಗೆಂದೇ ಮಾಡಿದ್ದಾದರೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್) ಇರಲೇಬೇಕು. ನೆಲದ ಕೆಸರು ಒಣಗುವ ಮೊದಲೇ ತೊಳೆಯಿರಿ. ಒಣಗಿದ್ದನ್ನು ಪೊರಕೆಯಲ್ಲಿ ಗುಡಿಸಿದರೆ ಅದೇ ಧೂಳು ಮತ್ತೆ ಗಾಳಿಗೆ ಏಳುತ್ತದೆ. ಸಂಜೆ ಏರ್ ಗನ್‌ನಲ್ಲಿ ಬಟ್ಟೆ ಊದಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ. ಟವೆಲ್, ಬಟ್ಟೆಯ ಮಾಸ್ಕ್ ಈ ಕಣಗಳನ್ನು ತಡೆಯುವುದಿಲ್ಲ. ಎನ್95 ಕೂಡ ಗಡ್ಡದ ಮೇಲೆ ಕೂರುವುದಿಲ್ಲ, ಮತ್ತು ಅದು ನೀರಿಗೆ ಬದಲಿಯಲ್ಲ. ಕಾರ್ಖಾನೆಯಲ್ಲಿ ಮಾಡಿದ ಕೃತಕ ಕ್ವಾರ್ಟ್ಜ್ ಸ್ಲ್ಯಾಬ್ ಬಂದರೆ ಇನ್ನೂ ಎಚ್ಚರ: ಅದರಲ್ಲಿ ಸಿಲಿಕಾ 90 ಶೇಕಡಕ್ಕಿಂತ ಹೆಚ್ಚಿರಬಹುದು. ಆಸ್ಟ್ರೇಲಿಯಾ ಇಂಥ ಕೃತಕ ಕಲ್ಲನ್ನು 2024ರ ಜುಲೈ 1ರಿಂದ ನಿಷೇಧಿಸಿದೆ.

ಇನ್ನು ಪರಿಹಾರ. ಸಿಲಿಕೋಸಿಸ್ ಕಾನೂನಿನಲ್ಲಿ ಔದ್ಯೋಗಿಕ ಕಾಯಿಲೆ. ಮಧ್ಯಪ್ರದೇಶದಿಂದ ಗುಜರಾತಿನ ಕ್ವಾರ್ಟ್ಜ್ ಕಲ್ಲು ಪುಡಿ ಮಾಡುವ ಕಾರ್ಖಾನೆಗಳಿಗೆ ಹೋಗಿ ಸತ್ತ 238 ಕಾರ್ಮಿಕರ ಕುಟುಂಬಗಳಿಗೆ ತಲಾ 3 ಲಕ್ಷ ಕೊಡುವಂತೆ ಸುಪ್ರೀಂ ಕೋರ್ಟ್ 2016ರಲ್ಲಿ ಗುಜರಾತ್ ಸರ್ಕಾರಕ್ಕೆ ಹೇಳಿತ್ತು. ಇಲ್ಲಿ ಕೆಲಸ ಮಾಡಿದ್ದಕ್ಕೆ ಸ್ಥಳೀಯರಿಗೆ ಹಾಜರಿ ಪುಸ್ತಕ, ಪರಿಚಯದ ಸಾಕ್ಷಿ ಇರುತ್ತದೆ. ಮೇಸ್ತ್ರಿ ಕರೆತಂದವನ ಹೆಸರು ಎಷ್ಟೋ ಸಲ ಎಲ್ಲಿಯೂ ಇರುವುದಿಲ್ಲ. ಕೂಲಿ ಚೀಟಿ, ಬ್ಯಾಂಕ್ ಸಂದಾಯ, ಗೇಟ್ ಪಾಸ್ ಏನಿದ್ದರೂ ಫೋಟೋ ತೆಗೆದಿಡಲಿ. ಇಎಸ್‌ಐ ಸಂಖ್ಯೆ ಇದ್ದರೆ ಯೂನಿಟ್ ಬದಲಾಯಿಸಿದಾಗಲೂ ಅದನ್ನೇ ಕೊಡಲಿ. ಹೊಸ ಸಂಖ್ಯೆ ಮಾಡಿಸಿದರೆ ಹಳೆಯ ವರ್ಷಗಳ ಲೆಕ್ಕ ಬೇರೆಯಾಗಿ ಉಳಿದುಬಿಡುತ್ತದೆ.