ನಿನ್ನೆಯ ಬಾಕಿ ಇವತ್ತಿನ ತಟ್ಟೆಗೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೂವತ್ತರ ಆಸುಪಾಸಿನ ಮಹಿಳೆ, ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ನಿದ್ದೆ ಬರುತ್ತಿಲ್ಲ, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ಮಾತು ಊಟದ ಕಡೆ ಹೊರಳಿದಾಗ, "ಮನೇಲಿ ಎಲ್ಲರ ಜೊತೆ ಕೂತು ಉಣ್ಣೋದು ಬಿಟ್ಟಿದ್ದೀನಿ ಮೇಡಂ. ಅಮ್ಮ ಕೇಳದೆ ಬಡಿಸಿಬಿಡ್ತಾರೆ, ಲೆಕ್ಕ ತಪ್ಪುತ್ತೆ" ಎಂದರು. ಮೂರು ತಿಂಗಳಿಂದ ಮುಟ್ಟೂ ನಿಂತಿತ್ತು.

"ಆ ಲೆಕ್ಕ ತೋರಿಸ್ತೀರಾ?" ಎಂದೆ. ಎಕ್ಸೆಲ್ ಹಾಳೆ ತೆರೆದರು. ದಿನಕ್ಕೊಂದು ಸಾಲು, ಮಿತಿ 1,200 ಕ್ಯಾಲೊರಿ. ತಿಂದದ್ದನ್ನು ಸಮ್ ಫಾರ್ಮುಲಾ ಕೂಡಿಸುತ್ತದೆ, ಮಿತಿ ದಾಟಿದರೆ ಸೆಲ್ ಕೆಂಪಾಗುತ್ತದೆ. ನನಗೆ ದಿಗಿಲಾದದ್ದು ಕೊನೆಯ ಕಾಲಂ ನೋಡಿ. ದಾಟಿದಷ್ಟನ್ನು ಮರುದಿನದ ಮಿತಿಯಲ್ಲಿ ಮುರಿದುಕೊಳ್ಳುವ ಫಾರ್ಮುಲಾ ಅದು. ಕಡಿಮೆ ತಿಂದ ದಿನದ ಉಳಿಕೆ ಮಾತ್ರ ಎಲ್ಲೂ ಜಮೆಯಾಗುತ್ತಿರಲಿಲ್ಲ.

ಜೊತೆಗೊಂದು ತಪ್ಪೂ ಇತ್ತು. ಅವರು ತೂಗುತ್ತಿದ್ದದ್ದು ಬೆಂದ ಅನ್ನವನ್ನು, ಹಾಕುತ್ತಿದ್ದದ್ದು ಅಕ್ಕಿಯ ಲೆಕ್ಕವನ್ನು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ನೀರು ಹೀರಿ ಬೆಂದ ಅಷ್ಟೇ ತೂಕದ ಅನ್ನದಲ್ಲಿ 130ರ ಹತ್ತಿರ. 200 ಗ್ರಾಂ ಅನ್ನ ಉಂಡರೆ ಹಾಳೆ 440ರಷ್ಟು ಹೆಚ್ಚು ಬರೆದುಕೊಳ್ಳುತ್ತದೆ. ಮುದ್ದೆ, ಚಪಾತಿಯದೂ ಇದೇ ಕಥೆ. ಉಣ್ಣದ ಅನ್ನಕ್ಕೆ ಈ ಹೆಣ್ಣುಮಗಳು ಮರುದಿನ ಉಪವಾಸ ಬೀಳುತ್ತಿದ್ದರು. ನನಗೆ ನಿಜವಾಗಿ ಸಂಕಟವಾಯಿತು.

ಹಾಳೆಯನ್ನೇ ಅಳಿಸಿಹಾಕಿ ಎನ್ನಲಿಲ್ಲ. ಅಂಕಿಗಳ ಮೇಲೆ ನಂಬಿಕೆ ಇಟ್ಟು ಬದುಕಿದವರಿಂದ ಅದನ್ನು ಒಮ್ಮೆಲೇ ಕಿತ್ತುಕೊಂಡರೆ ಕದ್ದು ಬರೆಯತೊಡಗುತ್ತಾರೆ. ಮೊದಲು ವೈದ್ಯರನ್ನು ಕಾಣಬೇಕು, ಮುಟ್ಟು ನಿಂತದ್ದನ್ನು ಹಗುರಾಗಿ ಕಾಣಬಾರದು ಎಂದೆ. ಮಿತಿ ಎಷ್ಟಿರಬೇಕೆಂದು ಆಹಾರತಜ್ಞರು ಹೇಳಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 55 ಕಿಲೊ ತೂಕದ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1,660 ಕ್ಯಾಲೊರಿ ಬೇಕೆನ್ನುತ್ತದೆ. ಇವರ ತೂಕವೂ ಹೆಚ್ಚುಕಡಿಮೆ ಅಷ್ಟೇ. 1,200 ಎಲ್ಲಿಂದ ಬಂತೆಂದರೆ ಅವರಿಗೇ ನೆನಪಿರಲಿಲ್ಲ.

ಬಾಕಿಯ ಕಾಲಂ ಮತ್ತು ಕೆಂಪು ಬಣ್ಣವನ್ನು ನನ್ನೆದುರೇ ತೆಗೆಸಿದೆ. ಪ್ರತಿ ಬೆಳಗ್ಗೆ ಪೂರ್ತಿ ಮಿತಿಯಿಂದಲೇ ಶುರು. ನೋಡಲೇಬೇಕೆನಿಸಿದರೆ ಆವರೇಜ್ ಫಾರ್ಮುಲಾದಲ್ಲಿ ವಾರದ ಸರಾಸರಿ ನೋಡಲಿ. ಹಬ್ಬದ ಒಂದು ಹೋಳಿಗೆ ಅಲ್ಲಿ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ರಾತ್ರಿಯೂಟ ಮಾತ್ರ ಮನೆಯವರ ಜೊತೆ, ತೂಗದೆ, ಬರೆಯದೆ.

ಮುಂದಿನ ಭೇಟಿಗೆ ಬಂದಾಗ, ಬೆಳಗಿನ ಭಯ ಕಡಿಮೆಯಾಗಿದೆ ಎಂದರು. ಆದರೆ ರಾತ್ರಿ ಉಂಡದ್ದನ್ನು ಬರೆಯದೆ ಮಲಗಲು ಆಗುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ಇದು ಫಾರ್ಮುಲಾ ತಿದ್ದಿದರೆ ಹೋಗುವಂಥದ್ದಲ್ಲ. ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದೆ. ಅಮ್ಮನನ್ನೂ ಒಮ್ಮೆ ಕರೆತರಲು ಒಪ್ಪಿದ್ದಾರೆ.